ಬೆಳಕಿಂಡಿ ಇಲ್ಲದ ಪೆಟ್ಟಿಗೆ

2020ರ ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರರ ಸುಮಾರು. ರಾಮಥಾಳದ ನಮ್ಮ ಮನೆಯ ಸ್ಲ್ಯಾಬ್ ಖೋಲಿಯಲ್ಲಿ ಕೂತು ಬೆಂಗಳೂರಿನ ಯಾರದೋ ಮನೆಯ ಚಿತ್ರವನ್ನು ರೆಂಡರ್‌ಗೆ ಹಾಕಿದ್ದೆ. ಇನ್ನೂ ಪಾಯವನ್ನೇ ತೋಡದ ಮನೆ ಅದು. ಕಟ್ಟಿ ಮುಗಿದ ಮೇಲೆ ಹೇಗೆ ಕಾಣುತ್ತದೆ ಎಂದು ಮುಂಚೆಯೇ ತೋರಿಸಿಕೊಡುವುದು ನನ್ನ ಕೆಲಸ. ಪರದೆಯ ಮೇಲೆ ಚಿತ್ರ ಚೌಕ ಚೌಕವಾಗಿ ಮೂಡುತ್ತ ಮುಕ್ಕಾಲು ಪಾಲು ಮುಗಿದಿತ್ತು. ಫ್ಯಾನಿನ ಸದ್ದು ಏರಿತು, ಇನ್ನೂ ಏರಿತು, ಆಮೇಲೆ ತಟ್ಟನೆ ನಿಂತಿತು. ಪರದೆ ಕಪ್ಪಾಯಿತು. ಮೇಲೆ ಸೀಲಿಂಗ್ ಫ್ಯಾನು ಮಾತ್ರ ತಿರುಗುತ್ತಲೇ ಇತ್ತು, ಅಂದರೆ ಕರೆಂಟು ಹೋಗಿರಲಿಲ್ಲ. ಕ್ಯಾಬಿನೆಟ್ಟಿನ ಮೇಲೆ ಕೈ ಇಟ್ಟೆ. ಆಗಷ್ಟೇ ಒಲೆಯಿಂದ ಇಳಿಸಿದ ಹಂಚಿನ ಹಾಗೆ ಕಾದಿತ್ತು. ಆ ವಾರದಲ್ಲಿ ಅದು ಹೀಗೆ ಆರಿಹೋದದ್ದು ಐದನೆಯ ಸಲ.

ಆ ಕಂಪ್ಯೂಟರನ್ನು ನಾನೇ ಕಟ್ಟಿದ್ದೆ. ಹಿಂದಿನ ವರ್ಷ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡು ಶನಿವಾರ ಅಂಗಡಿ ಅಂಗಡಿ ಅಲೆದು ಬಿಡಿಭಾಗ ಕೂಡಿಸಿದ್ದೆ. ಹೊಸದಾಗಿ ಸೇರಿದ ಕೆಲಸ, ಪಿ.ಜಿ.ಯಲ್ಲಿ ಇಬ್ಬರಿಗೆ ಒಂದು ಕೋಣೆ, ಮೇಜಿನಲ್ಲಿ ನನ್ನ ಪಾಲಿಗೆ ಅರ್ಧ. ಅದಕ್ಕೇ ದೊಡ್ಡ ಡಬ್ಬಿ ಬೇಡವೆಂದು ಮಿನಿ ಐಟಿಎಕ್ಸ್ ಮದರ್‌ಬೋರ್ಡ್ ಆರಿಸಿಕೊಂಡೆ. ತೈವಾನಿನ ವಿಐಎ ಕಂಪನಿ 2001ರಲ್ಲಿ ಹೊರತಂದ ಅಳತೆ ಅದು: ಉದ್ದ 17 ಸೆಂಟಿಮೀಟರ್, ಅಗಲವೂ 17 ಸೆಂಟಿಮೀಟರ್. ಬೋರ್ಡು, ಸಣ್ಣ ಎಸ್‌ಎಂಪಿಎಸ್, ಎರಡು ರ‍್ಯಾಮ್, 65 ವ್ಯಾಟಿನ ಪ್ರೊಸೆಸರ್, ಅದರ ಮೇಲೊಂದು ಕುಳ್ಳ ಹೀಟ್‌ಸಿಂಕು, ಎಲ್ಲವೂ ಸೇರಿ ಅಡುಗೆ ಎಣ್ಣೆಯ ತಗಡಿನ ಡಬ್ಬಿಯ ಅರ್ಧದಷ್ಟು ಜಾಗದಲ್ಲಿ ಕೂತವು. ಮೊದಲ ಸಲ ಗುಂಡಿ ಒತ್ತಿ ಪರದೆಯ ಮೇಲೆ ಅಕ್ಷರ ಮೂಡಿದಾಗ ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೆ. ಅವನಿಗೆ ಎಷ್ಟು ತಿಳಿಯಿತೋ, "ಕೈಲೆ ಕಟ್ಟೀದಿ ಅಂದ್ರ ಅದರ ಜಡ್ಡೂ ನಿನಗ ಗೊತ್ತಿರಬೇಕು ಯವ್ವಾ" ಎಂದಿದ್ದ.

ಅದರ ಜಡ್ಡು ಗೊತ್ತಾಗಲು ಊರಿಗೇ ಬರಬೇಕಾಯಿತು. 2020ರ ಮಾರ್ಚ್ 20ರ ರಾತ್ರಿ ಇಳಕಲ್ಲಿನ ಬಸ್ಸು ಹತ್ತಿದೆ. ಯುಗಾದಿಗೆ ಊರಿಗೆ ಹೋಗುವುದು ಹೇಗೂ ಇತ್ತು. ಮನೆಯಿಂದಲೇ ಕೆಲಸ ಮಾಡಿ ಎಂದು ಕಚೇರಿಯವರು ಹೇಳಿದ್ದರಿಂದ ಕಂಪ್ಯೂಟರನ್ನು ಟವೆಲ್ಲಿನಲ್ಲಿ ಸುತ್ತಿ, ಬ್ಯಾಗಿನಲ್ಲಿಟ್ಟು, ಇಡೀ ರಾತ್ರಿ ತೊಡೆಯ ಮೇಲೆ ಕೂರಿಸಿಕೊಂಡು ಬಂದೆ. ಎರಡು ದಿನಕ್ಕೆ ಜನತಾ ಕರ್ಫ್ಯೂ ಬಂತು, ಯುಗಾದಿಯ ದಿನವೇ ದೇಶವೆಲ್ಲ ಬಾಗಿಲು ಹಾಕಿತು. ವಾರದ ಮಟ್ಟಿಗೆಂದು ತಂದ ಬಟ್ಟೆಯಲ್ಲಿ ಏಳು ತಿಂಗಳು ಊರಲ್ಲಿ ಉಳಿದೆ.

ನಮ್ಮದು ಮಣ್ಣಿನ ಮಾಳಿಗೆ ಮನೆ. ತೊಲೆ, ಜಂತಿ, ಅದರ ಮೇಲೆ ಸವುಳು ಮಣ್ಣಿನ ದಪ್ಪ ಹೊದಿಕೆ. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಅಪ್ಪ ಮುಂದುಗಡೆ ಒಂದು ಸ್ಲ್ಯಾಬ್ ಖೋಲಿ ಹಾಕಿಸಿದ್ದ. ಗಚ್ಚಿನ ನೆಲ, ಬಣ್ಣದ ಗೋಡೆ, ಗಾಜಿನ ಕಿಟಕಿ. ಬೀಗರು ಬಂದರೆ ಕೂರಿಸುವ ಜಾಗ. ಒಳಗಿನ ಪಡಸಾಲೆಯಲ್ಲಿ ಜಂತಿಯ ಸಂದಿನಿಂದ ಮಣ್ಣು ಉದುರುತ್ತದೆ, ಕಂಪ್ಯೂಟರ್ ಹಾಳಾಗುತ್ತದೆ ಎಂದುಕೊಂಡು ಸ್ಲ್ಯಾಬ್ ಖೋಲಿಯಲ್ಲೇ ಮೇಜು ಹಾಕಿದೆ. ಆಯಿ ದಿನಕ್ಕೆರಡು ಸಲ ಬಾಗಿಲಿಗೆ ಬಂದು, "ಒಳಗ ಬಾರವಾ, ಅಲ್ಲೇನು ಕುದ್ಯಾಕತ್ತಿ?" ಎಂದು ಕರೆಯುತ್ತಿದ್ದಳು. ಕೆಲಸ ಐತಿ ಆಯಿ ಎಂದು ನಾನು ಏಳುತ್ತಿರಲಿಲ್ಲ.

ಆರಿಹೋಗುವ ಕಂಪ್ಯೂಟರು ನನ್ನನ್ನು ನಿಜಕ್ಕೂ ಹೆದರಿಸಿತ್ತು. ಕಚೇರಿಯಲ್ಲಿ ಕೆಲವರ ಸಂಬಳ ಆಗಲೇ ಅರ್ಧಕ್ಕೆ ಇಳಿದಿತ್ತು. ಮೂರು ತಾಸಿನ ರೆಂಡರ್ ಎರಡೂವರೆ ತಾಸಿಗೆ ಸತ್ತರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಅಂಗಡಿಗಳೆಲ್ಲ ಮುಚ್ಚಿದ್ದವು, ಹೊಸ ಭಾಗ ತರುವ ಹಾಗಿರಲಿಲ್ಲ. ಒಂದು ರಾತ್ರಿ ಎಲ್ಲವನ್ನೂ ಬಿಚ್ಚಿ, ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವಿನ ಪೇಸ್ಟ್ ಬದಲಿಸಿ, ಬಯೋಸ್ ಸೆಟ್ಟಿಂಗುಗಳನ್ನೆಲ್ಲ ಹಿಂದಕ್ಕೆ ಹಾಕಿ, ವೈರುಗಳನ್ನು ಬೇರೆ ಕಡೆ ತಿರುಗಿಸಿ ಒಂದೇ ಏಟಿಗೆ ಸರಿ ಮಾಡಿಬಿಡುತ್ತೇನೆಂದು ಸ್ಕ್ರೂ ಡ್ರೈವರ್ ಹಿಡಿದು ಕೂತೆ. ಅಪ್ಪ ಹೊರಗಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ.

"ಮೆಣಸಿನ ಗಿಡದ ಎಲಿ ಮುದುಡಿತಂದ್ರ ನೀರು ಹೆಚ್ಚಾಗಿರಬಹುದು, ಕಡಿಮಿ ಆಗಿರಬಹುದು, ಹುಳಾನೂ ಬಿದ್ದಿರಬಹುದು. ಎಲ್ಲಾ ಔಷಧಾ ಕೂಡೇ ಹೊಡದಿ ಅಂದ್ರ ಯಾವುದು ಹತ್ತಿತು ಅಂತ ಹೆಂಗ ಗೊತ್ತಾಗತೈತಿ? ಮುಂದಿನ ವರ್ಷ ಮತ್ತ ಮುದುಡಿದ್ರ ಏನ ಮಾಡ್ತಿ?" ಎಂದ.

ಸ್ಕ್ರೂ ಡ್ರೈವರ್ ಕೆಳಗಿಟ್ಟೆ. ಮರುದಿನ ತಮ್ಮನ ಹಳೆಯ ಗಣಿತದ ನೋಟುಬುಕ್ಕಿನಲ್ಲಿ ಉಳಿದ ಹಾಳೆಗಳಿಗೆ ಗೆರೆ ಎಳೆದೆ. ಹೊತ್ತು, ಖೋಲಿಯ ಬಿಸಿ, ಪ್ರೊಸೆಸರಿನ ಬಿಸಿ, ಪ್ಲಗ್ಗಿನಲ್ಲಿ ವೋಲ್ಟೇಜು, ಆಗ ನಡೆಯುತ್ತಿದ್ದ ಕೆಲಸ, ಹೇಗೆ ನಿಂತಿತು. ಹೀಗೆ ಆರು ಕಾಲಂ. ಮಲ್ಟಿಮೀಟರನ್ನು ಊರಿನ ವೈರ್‌ಮನ್ ಹತ್ತಿರ ಇಸಿದುಕೊಂಡೆ. ಹತ್ತು ದಿನ ಏನನ್ನೂ ಮುಟ್ಟಲಿಲ್ಲ, ಬರೆಯುತ್ತ ಹೋದೆ.

ಹತ್ತು ದಿನದ ಬರಹವನ್ನು ಒಟ್ಟಿಗೆ ಓದಿದಾಗ ತಿಳಿದದ್ದು, ಅದು ಒಂದು ಜಡ್ಡಲ್ಲ, ಮೂರು. ಮಧ್ಯಾಹ್ನ ಒಂದರಿಂದ ಐದರ ನಡುವೆ ನಿಲ್ಲುವಾಗ ಅದು ಮೊದಲು ನಿಧಾನವಾಗುತ್ತಿತ್ತು, ಫ್ಯಾನು ಅರಚುತ್ತಿತ್ತು, ಆಮೇಲೆ ಪೂರ್ತಿ ಆರುತ್ತಿತ್ತು. ಸಂಜೆಯ ಹೊತ್ತು ಯಾವ ಮುನ್ಸೂಚನೆಯೂ ಇಲ್ಲದೆ ಕಣ್ಣು ಮಿಟುಕಿಸಿದಂತೆ ಆರಿ, ತಾನೇ ಮತ್ತೆ ಶುರುವಾಗುತ್ತಿತ್ತು. ಇನ್ನು ಮೂರನೆಯದಕ್ಕೆ ಹೊತ್ತುಗೊತ್ತೇ ಇರಲಿಲ್ಲ. ತಂಪಾದ ಬೆಳಗಿನ ಜಾವದಲ್ಲೂ ಪರದೆ ನೀಲಿಯಾಗುತ್ತಿತ್ತು, ಇಲ್ಲವೇ ಮುಗಿದ ಚಿತ್ರದಲ್ಲಿ ಕಪ್ಪು ಚುಕ್ಕೆಗಳು ಬೀಳುತ್ತಿದ್ದವು. ಮೂರನ್ನೂ ನಾನು "ಆಫ್ ಆಗುತ್ತದೆ" ಎಂಬ ಒಂದೇ ಮಾತಿನಲ್ಲಿ ಹೇಳಿಕೊಂಡು ಒದ್ದಾಡುತ್ತಿದ್ದೆ.

ಸುಲಭವಾದ ಸಂಜೆಯದನ್ನು ಮೊದಲು ಹಿಡಿದೆ. ಮನೆಗೆ ಬರಬೇಕಾದ್ದು 230 ವೋಲ್ಟ್. ತ್ರೀಫೇಸ್ ಬಂದು ಊರ ಸುತ್ತಲಿನ ಪಂಪುಗಳೆಲ್ಲ ಒಮ್ಮೆಗೇ ಶುರುವಾದಾಗ, ದೀಪ ಹಚ್ಚುವ ಹೊತ್ತಿನಲ್ಲಿ, ನಮ್ಮ ಪ್ಲಗ್ಗಿನಲ್ಲಿ ಕಂಡದ್ದು 178. ಅಪ್ಪನಿಗೆ ತೋರಿಸಿದೆ. ಅವನಿಗೆ ಇದು ಹೊಸದೇನಲ್ಲ. "ಪೈಪಿನ ತುದಿ ಹೊಲಕ್ಕ ಪ್ರೆಶರ್ ಸಾಲಂಗಿಲ್ಲಲಾ, ಹಂಗ" ಎಂದ. ನಮ್ಮೂರಿನ ಹೆಸರು ಹೊತ್ತ ಹನಿ ನೀರಾವರಿ ಯೋಜನೆ ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ಹುನಗುಂದದ ಸೀಮೆಯ ಸುಮಾರು 24,000 ಹೆಕ್ಟೇರಿಗೆ ಕೊಳವೆಯಲ್ಲಿ ಹಂಚಲೆಂದು ಹಾಕಿದ್ದು. ಪೈಪು ಉದ್ದವಾದಷ್ಟು, ಸಣ್ಣದಾದಷ್ಟು ಒತ್ತಡ ಇಳಿಯುತ್ತದೆ ಎಂಬುದು ಇಲ್ಲಿ ಶಾಲೆಗೆ ಹೋಗದವರಿಗೂ ಗೊತ್ತು. ತಂತಿಯ ಮಾತೂ ಅದೇ. ವೋಲ್ಟೇಜು ಇಳಿದಾಗ ಎಸ್‌ಎಂಪಿಎಸ್ ಅದೇ ಕೆಲಸಕ್ಕೆ ಹೆಚ್ಚು ಕರೆಂಟು ಎಳೆಯುತ್ತದೆ, ಹೆಚ್ಚು ಎಳೆದಷ್ಟೂ ತಂತಿಯಲ್ಲಿ ಇನ್ನಷ್ಟು ಕಳೆದುಹೋಗುತ್ತದೆ.

ವೈರ್‌ಮನ್ ಬಂದು ಸ್ವಿಚ್ ಬೋರ್ಡ್ ಬಿಚ್ಚಿದ. ಪ್ಲಗ್ಗಿನ ಹಿಂದೆ ಒಂದು ತಂತಿ ಸಡಿಲಾಗಿ, ಸುತ್ತಲಿನ ಪ್ಲಾಸ್ಟಿಕ್ಕು ಕರಕಲಾಗಿತ್ತು. ಅದನ್ನು ಕತ್ತರಿಸಿ ಹೊಸದಾಗಿ ಬಿಗಿದ. ಕ್ಯಾಬಿನೆಟ್ಟು ಮುಟ್ಟಿದರೆ ಬೆರಳಿಗೆ ಜುಮ್ಮೆನ್ನುತ್ತದೆ ಎಂದೆ. "ಅರ್ಥಿಂಗ್ ಸತ್ತೈತ್ರಿ ಅಕ್ಕಾರ" ಎಂದ. ಎರೆ ನೆಲ ಬೇಸಿಗೆಗೆ ಬಾಯಿ ಬಿಟ್ಟು ಒಣಗಿದಾಗ ಭೂಮಿಗೂ ತಂತಿಗೂ ಇದ್ದ ನಂಟು ಕಡಿದುಹೋಗುತ್ತದೆ. ಹಿತ್ತಲಲ್ಲಿ ಕುಣಿ ತೋಡಿ ಉಪ್ಪು, ಇದ್ದಿಲು ಪದರ ಪದರವಾಗಿ ತುಂಬಿ ಕೊಳವೆ ಇಳಿಸಿದೆವು. ಅವ್ವ ದಿನಾ ಪಾತ್ರೆ ತೊಳೆದ ನೀರನ್ನು ಅದಕ್ಕೆ ಹೊಯ್ಯತೊಡಗಿದಳು. ಮೂರನೆಯ ದಿನಕ್ಕೆ ಜುಮ್ಮೆನ್ನುವುದು ನಿಂತಿತು. ಕಾಕಾ ಅಟ್ಟದಲ್ಲಿದ್ದ ಹಳೆಯ ಟಿವಿಯ ಸ್ಟೆಬಿಲೈಜರ್ ಇಳಿಸಿ, ಧೂಳು ಒರೆಸಿ ತಂದುಕೊಟ್ಟ. ವೋಲ್ಟೇಜು ಇಳಿದಾಗಲೆಲ್ಲ ಅದು ಕಟ್ ಎಂದು ಸದ್ದು ಮಾಡಿ ಮೇಲಕ್ಕೆತ್ತುತ್ತಿತ್ತು. ನೋಟುಬುಕ್ಕಿನಲ್ಲಿ ಸಂಜೆಯ ಸಾಲುಗಳು ಖಾಲಿ ಬೀಳತೊಡಗಿದವು.

ಹೊತ್ತುಗೊತ್ತಿಲ್ಲದ ಜಡ್ಡು ರ‍್ಯಾಮಿನದ್ದು. ರ‍್ಯಾಮಿನಲ್ಲಿ ಒಂದೊಂದು ಸೊನ್ನೆ, ಒಂದೊಂದು ಒಂದೂ ಕೂತಿರುವುದು ಅತಿ ಸಣ್ಣ ವಿದ್ಯುತ್ ಗಡಿಗೆಯಲ್ಲಿ. ಆ ಗಡಿಗೆ ಒಸರುತ್ತದೆ. ಖಾಲಿಯಾಗುವ ಮೊದಲು, 64 ಮಿಲಿಸೆಕೆಂಡಿನೊಳಗೆ, ಪ್ರತಿಯೊಂದನ್ನೂ ಮತ್ತೆ ತುಂಬಿಸುತ್ತಲೇ ಇರಬೇಕು. ಬಿಸಿ ಏರಿದರೆ ಒಸರುವುದೂ ಹೆಚ್ಚು. ಅದಕ್ಕೇ 85 ಡಿಗ್ರಿ ದಾಟಿದರೆ ಎರಡು ಪಟ್ಟು ಬೇಗ ತುಂಬಿಸಬೇಕೆಂಬ ನಿಯಮವಿದೆ. ನಾನು ಕಟ್ಟುವಾಗ ರ‍್ಯಾಮನ್ನು ಅದರ ಡಬ್ಬಿಯ ಮೇಲೆ ಬರೆದಿದ್ದ 3200ರ ವೇಗಕ್ಕೆ ಏರಿಸಿಟ್ಟಿದ್ದೆ. ಆ ಬೋರ್ಡು, ಆ ಪ್ರೊಸೆಸರು, ಆ ರ‍್ಯಾಮು ಮೂರೂ ಸೇರಿ ಆ ವೇಗ ತಾಳುತ್ತವೆಯೇ ಎಂದು ಒಂದು ರಾತ್ರಿಯೂ ಪರೀಕ್ಷೆ ಮಾಡಿರಲಿಲ್ಲ. ಈಗ ಮೆಮ್‌ಟೆಸ್ಟ್ ಹಾಕಿ ಮಲಗಿದೆ. ಬೆಳಿಗ್ಗೆ ಪರದೆಯ ತುಂಬ ಕೆಂಪು ಸಾಲು. ರ‍್ಯಾಮ್ ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ ಮತ್ತೆ ಕೂರಿಸಿದೆ. ತಪ್ಪುಗಳು ಕಡಿಮೆಯಾದವು, ಹೋಗಲಿಲ್ಲ. 2933ಕ್ಕೆ ಇಳಿಸಿದೆ. ರಾತ್ರಿಯಿಡೀ ಒಂದೇ ಒಂದು ತಪ್ಪು. ಒಂದೇ ಅಲ್ಲವೇ ಎಂದು ಬಿಡಬಹುದಿತ್ತು. ಆದರೆ ಅಂಥ ಒಂದು ತಪ್ಪು ಚಿತ್ರದಲ್ಲಿ ಬಿದ್ದರೆ ಚುಕ್ಕೆ, ಲೆಕ್ಕದಲ್ಲಿ ಬಿದ್ದರೆ ಯಾರಿಗೂ ತಿಳಿಯದ ಸುಳ್ಳು. 2666ಕ್ಕೆ ಇಳಿಸಿದೆ. ಆ ರಾತ್ರಿ, ಮರುರಾತ್ರಿ, ಎರಡೂ ಶುದ್ಧ. ಕೆಲಸದ ವೇಗದಲ್ಲಿ ವ್ಯತ್ಯಾಸ ನನ್ನ ಗಮನಕ್ಕೇ ಬರಲಿಲ್ಲ.

ಉಳಿದದ್ದು ಮಧ್ಯಾಹ್ನ. ಅದು ನನ್ನನ್ನು ತಿಂಗಳಿಡೀ ಹಿಡಿದಿತ್ತು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿ ನನ್ನ ಕೋಣೆ 26 ಡಿಗ್ರಿ ಇದ್ದಾಗ ಪ್ರೊಸೆಸರು 79ಕ್ಕೆ ಏರುತ್ತಿತ್ತು. ನಡುವಿನ ಅಂತರ 53. ಹೀಟ್‌ಸಿಂಕು, ಫ್ಯಾನು ನಿರ್ಧರಿಸುವುದು ಈ ಅಂತರವನ್ನು ಮಾತ್ರ. ಸುತ್ತಲಿನ ಗಾಳಿ ಎಷ್ಟು ಬಿಸಿಯೋ ಅದರ ಮೇಲೆ ಈ 53 ಕೂಡುತ್ತದೆ. ಏಪ್ರಿಲ್ಲಿನಲ್ಲಿ ನಮ್ಮ ಕಡೆ ಹೊರಗೆ 40 ದಾಟುತ್ತದೆ, ಸ್ಲ್ಯಾಬ್ ಖೋಲಿಯೊಳಗೆ ನನ್ನ ಥರ್ಮಾಮೀಟರು 39 ತೋರಿಸುತ್ತಿತ್ತು. 39ಕ್ಕೆ 53 ಕೂಡಿದರೆ 92. ಪ್ರೊಸೆಸರ್ ತಾಳುವ ಮಿತಿ 95. ಅಲ್ಲಿಗೆ ಹೋದಾಗ ಅದು ತನ್ನ ವೇಗ ಇಳಿಸಿ ಬಿಸಿ ತಗ್ಗಿಸಲು ನೋಡುತ್ತದೆ, ಅದಕ್ಕೂ ಬಗ್ಗದಿದ್ದರೆ ಸುಟ್ಟುಹೋಗುವ ಬದಲು ತಾನೇ ಆರುತ್ತದೆ. ಬೆಂಗಳೂರಿನಲ್ಲಿ ಸರಿಯಾಗಿಯೇ ಕಟ್ಟಿದ್ದೇನೆಂದು ನಾನು ನಂಬಿದ್ದೆ. ನಾನು ಕಟ್ಟಿದ್ದು ಬೆಂಗಳೂರಿನ ಗಾಳಿಗೆ ಮಾತ್ರ ಸಾಲುವ ಯಂತ್ರ.

ಲೆಕ್ಕ 92 ಎನ್ನುತ್ತಿತ್ತು, ಯಂತ್ರ 95ಕ್ಕೆ ಮುಟ್ಟಿ ಸಾಯುತ್ತಿತ್ತು. ಹಾಗಾಗಿ ಒಂದು ದಿನ ಹೀಟ್‌ಸಿಂಕನ್ನು ಎತ್ತಿ ನೋಡಿದೆ. ತಳದಲ್ಲಿ ಬೂದುಬಣ್ಣದ ಪೇಸ್ಟು ಒಂದು ಮಗ್ಗುಲಿಗೆ ತೆಳ್ಳಗೆ ಹರಡಿ, ಇನ್ನೊಂದು ಮಗ್ಗುಲಿಗೆ ದಪ್ಪಗೆ ನಿಂತಿತ್ತು. ನಾಲ್ಕು ಸ್ಕ್ರೂಗಳಲ್ಲಿ ಒಂದನ್ನು ನಾನು ಪೂರ್ತಿ ಬಿಗಿದಿರಲಿಲ್ಲ. ಬಸ್ಸಿನ ಕುಲುಕಾಟಕ್ಕೆ ಅದು ಇನ್ನಷ್ಟು ಸಡಿಲಾಗಿರಬೇಕು. ಹಳೆಯ ಪೇಸ್ಟ್ ಒರೆಸಲು ಮನೆಯಲ್ಲಿ ಸ್ಯಾನಿಟೈಸರ್ ಬೇಕಾದಷ್ಟಿತ್ತು, ಆದರೆ ಅದರಲ್ಲಿ ಗ್ಲಿಸರಿನ್ ಇದ್ದರೆ ಜಿಡ್ಡಿನ ಪದರ ಉಳಿಯುತ್ತದೆ. ಔಷಧಿ ಅಂಗಡಿಯಿಂದ ಸರ್ಜಿಕಲ್ ಸ್ಪಿರಿಟ್ ತರಿಸಿದೆ. ಪೇಸ್ಟಿನ ಟ್ಯೂಬಿನಲ್ಲಿ ಒಂದೇ ಸಲಕ್ಕಾಗುವಷ್ಟು ಉಳಿದಿತ್ತು. ಜೋಳದ ಕಾಳಿಗಿಂತ ತುಸು ದೊಡ್ಡದಾಗಿ ನಡುವೆ ಇಟ್ಟು, ಎದುರು ಬದುರಿನ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬಿಗಿದೆ. ಮರುದಿನ ಅದೇ ಖೋಲಿ, ಅದೇ ಹೊತ್ತು, ಅದೇ ಕೆಲಸ: 88. ಆರಲಿಲ್ಲ. ಆದರೂ ನೆಮ್ಮದಿಯಾಗಲಿಲ್ಲ. ಇನ್ನೂ ಮೇ ತಿಂಗಳು ಬರುವುದಿತ್ತು.

ಅವತ್ತು ಸಂಜೆ ಆಯಿ ದೇವರ ಮುಂದೆ ದೀಪ ಹಚ್ಚಿ ಊದಿನಕಡ್ಡಿ ಸಿಕ್ಕಿಸಿದಳು. ನಾನು ಪಡಸಾಲೆಯಲ್ಲಿ ಗೋಡೆಗೊರಗಿ ಸುಮ್ಮನೆ ಕೂತಿದ್ದೆ. ಹೊಗೆ ಮೊಳದುದ್ದ ನೆಟ್ಟಗೆ ಏರಿತು, ಆಮೇಲೆ ತುಸು ಬಳುಕಿ ಮಾಳಿಗೆಯ ನಡುವಿನ ಬೆಳಕಿಂಡಿಯ ಕಡೆಗೆ ವಾಲಿ, ಅದರ ಬಾಯಿಯಿಂದ ಹೊರಗೆ ಹೋಯಿತು. ಹುಟ್ಟಿದಾಗಿನಿಂದ ದಿನಾ ಸಂಜೆ ನಡೆದದ್ದೇ ಅದು. ಆ ಸಂಜೆ ಮಾತ್ರ ನಾನು ಅದನ್ನು ಕೊನೆಯವರೆಗೂ ನೋಡಿದೆ.

ಆಯಿಯನ್ನು ಕೇಳಿ ಇನ್ನೊಂದು ಕಡ್ಡಿ ಹಚ್ಚಿಕೊಂಡು ಸ್ಲ್ಯಾಬ್ ಖೋಲಿಗೆ ಹೋದೆ. ಸೀಲಿಂಗ್ ಫ್ಯಾನ್ ಆರಿಸಿ, ರೆಂಡರ್ ಹಾಕಿ, ಕಡ್ಡಿಯನ್ನು ಕ್ಯಾಬಿನೆಟ್ಟಿನ ಮಗ್ಗುಲಿನ ತೂತುಗಳ ಹತ್ತಿರ ಹಿಡಿದೆ. ಹೊಗೆ ಒಳಕ್ಕೆ ಎಳೆಯಿತು, ಸರಿ. ಎರಡು ಬೆರಳು ಈಚೆಗೆ ಸರಿಸಿದೆ. ಅಲ್ಲಿ ಹೊಗೆ ಹೊರಕ್ಕೆ ತಳ್ಳಿತು, ಗಿರಕಿ ಹೊಡೆದು ಮತ್ತೆ ಅದೇ ತೂತುಗಳೊಳಗೆ ನುಗ್ಗಿತು. ಬೇಕೆಂದೇ ಮತ್ತೆ ಮತ್ತೆ ಹಿಡಿದು ನೋಡಿದೆ. ಪ್ರತಿ ಸಲವೂ ಅದೇ ಗಿರಕಿ. ಹೀಟ್‌ಸಿಂಕಿನ ಫ್ಯಾನಿಗೂ ಮಗ್ಗುಲಿನ ತಗಡಿಗೂ ನಡುವೆ ಎರಡು ಬೆರಳಿನಷ್ಟು ಸಂದಿತ್ತು. ಹೀಟ್‌ಸಿಂಕಿನಿಂದ ಹೊರಬಂದ ಬಿಸಿಗಾಳಿ ಆ ಸಂದಿನಿಂದಲೇ ತಿರುಗಿ ಫ್ಯಾನಿನ ಬಾಯಿಗೆ ಹೋಗುತ್ತಿತ್ತು. ಮೇಲುಗಡೆ ಗಾಳಿ ಹೋಗಲು ಬಿಟ್ಟಿದ್ದ ತೂತುಗಳ ಮೇಲೆ ನಾನು ಹಾರ್ಡ್‌ಡಿಸ್ಕು, ಪುಸ್ತಕ, ಚಾರ್ಜರು ಒಟ್ಟಿದ್ದೆ. ಯಂತ್ರ ತಾನು ಬಿಟ್ಟ ಉಸಿರನ್ನೇ ಎಳೆದುಕೊಳ್ಳುತ್ತಿತ್ತು.

ಆಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು. ಹೊಗೆ ಹೇಗೆ ತಿರುಗುತ್ತದೆಂದು ತೋರಿಸಿದೆ. ಬಗ್ಗಿ ನೋಡಿ ಕೇಳಿದಳು: "ಇದಕ ಬೆಳಕಿಂಡಿ ಎಲ್ಲೈತಿ?"

ಮರುದಿನ ಎರಡೇ ಕೆಲಸ ಮಾಡಿದೆ, ಅದನ್ನೂ ಒಂದಾದ ಮೇಲೊಂದು. ಮೊದಲು, ಅಕ್ಕನ ಮದುವೆಗೆ ತಂದ ಇಳಕಲ್ ಸೀರೆಯ ರಟ್ಟಿನ ಪೆಟ್ಟಿಗೆಯಿಂದ ಪಟ್ಟಿ ಕತ್ತರಿಸಿ, ಫ್ಯಾನಿನ ಸುತ್ತಳತೆಗೆ ಬಳೆಯ ಹಾಗೆ ಬಗ್ಗಿಸಿ ಅಂಟಿಸಿದೆ. ಫ್ಯಾನಿನ ಬಾಯಿಂದ ಮಗ್ಗುಲಿನ ತೂತುಗಳವರೆಗೆ ಒಂದು ಸಣ್ಣ ಓಣಿ. ಈಗ ಫ್ಯಾನು ಎಳೆದರೆ ಹೊರಗಿನ ಗಾಳಿಯನ್ನೇ ಎಳೆಯಬೇಕು. ಬಿಸಿ 88ರಿಂದ 82ಕ್ಕೆ ಇಳಿಯಿತು. ಆಮೇಲೆ, ಮಲಗಿಸಿ ಇಟ್ಟಿದ್ದ ಕ್ಯಾಬಿನೆಟ್ಟನ್ನು ಎಬ್ಬಿಸಿ ನಿಲ್ಲಿಸಿದೆ. ಕೆಳಗೆ ಎರಡು ಇಳಕಲ್ಲಿನ ಕೆಂಪು ಗ್ರಾನೈಟಿನ ತುಂಡು, ಮೇಲಿನ ತೂತುಗಳ ಮೇಲೆ ಏನೂ ಇಲ್ಲ. 79. ಒಂದು ರೂಪಾಯಿ ಖರ್ಚಾಗದೆ, ಹೊಸ ಫ್ಯಾನು ಬಾರದೆ, ಒಂಬತ್ತು ಡಿಗ್ರಿ ಇಳಿದಿತ್ತು. ಗಾಳಿ ಮೊದಲೂ ಅಷ್ಟೇ ಇತ್ತು, ಅದಕ್ಕೆ ಬರುವ ದಾರಿ ಒಂದು, ಹೋಗುವ ದಾರಿ ಒಂದು ಎಂದು ಬೇರೆಯಾಗಿರಲಿಲ್ಲ.

ಕೊನೆಯದಾಗಿ ಬಯೋಸಿನಲ್ಲಿ ಪ್ರೊಸೆಸರಿಗೆ 65 ವ್ಯಾಟಿನ ಬದಲು 45 ವ್ಯಾಟಿನ ಮಿತಿ ಹಾಕಿದೆ. ಇದಕ್ಕೆ ಮನಸ್ಸು ಒಪ್ಪಲು ತಡವಾಯಿತು. ಕೊಟ್ಟ ಹಣಕ್ಕೆ ಪೂರ್ತಿ ವೇಗ ಬೇಕೆಂಬ ಹಟ. ಆದರೆ ಚಿಪ್ಪಿನ ಬಿಸಿ ವೇಗದ ಜೊತೆ ನೇರವಾಗಿ ಏರಿದರೆ, ವೋಲ್ಟೇಜಿನ ಜೊತೆ ಅದರ ವರ್ಗದಷ್ಟು ಏರುತ್ತದೆ. ಕೊನೆಯ ಒಂದಿಷ್ಟು ವೇಗ ಹಿಂಡಲು ವೋಲ್ಟೇಜನ್ನು ತುಂಬ ಏರಿಸಬೇಕಾಗುವುದರಿಂದ, ಆ ಒಂದಿಷ್ಟನ್ನು ಬಿಟ್ಟುಕೊಟ್ಟರೆ ಬಿಸಿ ಬಹಳ ಇಳಿಯುತ್ತದೆ. 60 ನಿಮಿಷದ ರೆಂಡರ್ 68 ನಿಮಿಷ ಹಿಡಿಯಿತು. ಬಿಸಿ 70ಕ್ಕೆ ಬಂತು. ಮುಂಚೆ 60 ನಿಮಿಷದ ಕೆಲಸ ಅರ್ಧದಲ್ಲಿ ಸತ್ತು ಎರಡು ತಾಸು ತಿನ್ನುತ್ತಿದ್ದದ್ದು ನೆನಪಾಯಿತು.

ಬಿಸಿ ಹೊರಹಾಕುವ ಚಿಂತೆ ದೊಡ್ಡ ಗಣಕಗಳನ್ನು ಕಟ್ಟಿದವರನ್ನೂ ಬಿಟ್ಟಿಲ್ಲ. ಅಮೆರಿಕದ ಸೆಮೂರ್ ಕ್ರೇ 1985ರಲ್ಲಿ ಹೊರತಂದ ಕ್ರೇ-2 ಸೂಪರ್ ಕಂಪ್ಯೂಟರಿನಲ್ಲಿ ಸರ್ಕ್ಯೂಟುಗಳು ಎಷ್ಟು ಒತ್ತೊತ್ತಾಗಿದ್ದವೆಂದರೆ ಗಾಳಿ ಸಾಲದೆ, ವಿದ್ಯುತ್ ಹರಿಯದ ಒಂದು ದ್ರವದಲ್ಲಿ ಅವನ್ನೆಲ್ಲ ಮುಳುಗಿಸಿಯೇ ಇಡಬೇಕಾಯಿತು. ಜಾಗ ಚಿಕ್ಕದಾದಷ್ಟು ಬಿಸಿಗೆ ದಾರಿ ಹುಡುಕುವುದೇ ದೊಡ್ಡ ಕೆಲಸ. ನನ್ನ ಅರ್ಧ ಎಣ್ಣೆ ಡಬ್ಬಿಯಷ್ಟರ ಯಂತ್ರಕ್ಕೂ ಅದೇ ಪಾಠ.

ಮೇ ಮೊದಲ ವಾರ ಮೇಜನ್ನು ಪಡಸಾಲೆಗೆ ಎಳೆದೆ. ಸ್ಲ್ಯಾಬ್ ಖೋಲಿಯಲ್ಲಿ 40 ಇದ್ದ ಮಧ್ಯಾಹ್ನ ಇಲ್ಲಿ ಥರ್ಮಾಮೀಟರು 33 ತೋರಿಸಿತು. ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯಿಡೀ ಅದನ್ನು ಒಳಗೆ ಕಾರುತ್ತದೆ. ದಪ್ಪ ಮಣ್ಣಿನ ಮಾಳಿಗೆಯನ್ನು ಬಿಸಿ ದಾಟುವ ಹೊತ್ತಿಗೆ ಹೊರಗೆ ಸಂಜೆಯಾಗಿರುತ್ತದೆ. ಅಷ್ಟರ ಮೇಲೂ ಒಳಗೆ ಬಂದ ಬಿಸಿ, ಒಲೆಯ ಹೊಗೆ, ದನಗಳ ಉಸಿರು ಮೇಲೇರಿ ಬೆಳಕಿಂಡಿಯಿಂದ ಹೊರಟುಹೋಗುತ್ತವೆ. ಅದು ಹೊರಟ ಜಾಗಕ್ಕೆ ತಲೆಬಾಗಿಲಿನಿಂದ ಹೊಸ ಗಾಳಿ ಬರುತ್ತದೆ. ಮಳೆ ಬಂದರೆ ಯಾರಾದರೂ ಮೇಲೆ ಓಡಿ ತಗಡು ಮುಚ್ಚಬೇಕು. ಚಿಕ್ಕಂದಿನಲ್ಲಿ ಆ ಓಟ ನನ್ನದಾಗಿತ್ತು. ಬೆಳಕಿಗೆಂದು ಬಿಟ್ಟ ಕಿಂಡಿ ಎಂದಷ್ಟೇ ಅಂದುಕೊಂಡಿದ್ದೆ. ಮನೆಯ ಉಸಿರೂ ಅದರಿಂದಲೇ ಎಂದು ತಿಳಿಯಲು ಒಂದು ಯಂತ್ರ ಕೆಟ್ಟು ನಿಲ್ಲಬೇಕಾಯಿತು. ಅದೇ ಕೆಲಸಕ್ಕೆ ಪ್ರೊಸೆಸರ್ ಈಗ 63 ಡಿಗ್ರಿ.

ಇಲ್ಲಿ ಮಣ್ಣು ಉದುರುವುದು ನಿಜವೇ. ಅದಕ್ಕೊಂದು ಉಪಾಯ ಬೇಕಿತ್ತು. ಅವ್ವನ ಹಳೆಯ ಸೀರೆಯ ತುಂಡನ್ನು ಮಗ್ಗುಲಿನ ತೂತುಗಳಿಗೆ ಕಟ್ಟಿದೆ. ಮಣ್ಣು ನಿಂತಿತು, ಗಾಳಿಯೂ ನಿಂತಿತು. ಬಿಸಿ ಒಮ್ಮೆಗೇ ಹತ್ತು ಡಿಗ್ರಿ ಏರಿತು. ಅಪ್ಪ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಭಾಳ ಒತ್ತು ಆತು. ಹೊಲದಾಗಿನ ಫಿಲ್ಟರ್ ನೋಡಿಲ್ಲೇನು? ಕಸಾ ಹಿಡೀಬೇಕು, ನೀರು ಬಿಡಬೇಕು" ಎಂದ. ಹನಿ ನೀರಾವರಿಯ ಡ್ರಿಪ್ಪರಿನ ತೂತು ಸೂಜಿಮೊನೆಯಷ್ಟು. ಒಂದು ಮರಳಿನ ಕಣ ಹೋದರೆ ಆ ಗಿಡ ಒಣಗಿತು. ಹಾಗೆಂದು ಫಿಲ್ಟರು ಕಟ್ಟಿಕೊಂಡರೆ ಇಡೀ ಸಾಲೇ ಒಣಗಿತು. ಅದನ್ನು ಬಿಚ್ಚಿ ತೊಳೆಯುವುದು ಅಪ್ಪನಿಗೆ ರೂಢಿಯ ಕೆಲಸ. ಹರಿದ ಸೊಳ್ಳೆಪರದೆಯಿಂದ ಅವನೇ ಒಂದು ಚೌಕ ಕತ್ತರಿಸಿಕೊಟ್ಟ. ಅದನ್ನು ಕಟ್ಟಿದಾಗ ಏರಿದ್ದು ಎರಡೇ ಡಿಗ್ರಿ.

"ತೊಳಿಯೋದು ಯಾವಾಗ?" ಎಂದು ಕೇಳಿದೆ. "ಸೋಮವಾರ" ಎಂದ ಅಪ್ಪ. ನಮ್ಮಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅವತ್ತು ಅವುಗಳ ಮೈ ತೊಳೆಯುತ್ತೇವೆ, ಗೊರಸು ನೋಡುತ್ತೇವೆ, ನೊಗ ಉಜ್ಜಿದ ಹೆಗಲಿಗೆ ಎಣ್ಣೆ ಹಚ್ಚುತ್ತೇವೆ. ನನಗೂ ಅದು ಸರಿಯೆನಿಸಿತು. ಅಂದಿನಿಂದ ಸೋಮವಾರ ಬೆಳಿಗ್ಗೆ ಯಂತ್ರ ಆರಿಸಿ, ಪರದೆ ಬಿಚ್ಚಿ ಒಗೆದು ಒಣಹಾಕಿ, ಹೀಟ್‌ಸಿಂಕಿನ ಸಂದುಗಳನ್ನು ಬ್ರಶ್ಶಿನಿಂದ ಗುಡಿಸಿ, ಫ್ಯಾನಿನ ರೆಕ್ಕೆಗಳನ್ನು ಒರೆಸುತ್ತೇನೆ. ಇವತ್ತಿಗೂ ಬಿಟ್ಟಿಲ್ಲ.

ಜೂನಿನಲ್ಲಿ ಮಳೆ ಬಿದ್ದು ನೆಲ ತಣಿದಾಗ ನೋಟುಬುಕ್ಕು ಮುಚ್ಚಿದೆ. ಕೊನೆಯ ಮೂವತ್ತು ದಿನ "ಹೇಗೆ ನಿಂತಿತು" ಎಂಬ ಕಾಲಂ ಪೂರ್ತಿ ಖಾಲಿಯಿತ್ತು. ಆದರೆ ಆ ಬೇಸಿಗೆಯ ನಂತರ ನನ್ನ ಕೆಲಸವೇ ನನಗೆ ಬೇರೆಯಾಗಿ ಕಾಣತೊಡಗಿತು. ಅಷ್ಟು ದಿನ ನಾನು ಚಿತ್ರ ಬರೆದುಕೊಟ್ಟ ಮನೆಗಳಲ್ಲಿ ಗೋಡೆಯುದ್ದಕ್ಕೂ ಗಾಜು, ಚಪ್ಪಟೆ ಸ್ಲ್ಯಾಬು, ಹೊರಗೋಡೆಗೆ ಸಾಲಾಗಿ ಏಸಿ ಪೆಟ್ಟಿಗೆ. ಚಿತ್ರದಲ್ಲಿ ಅವು ಚೆಂದ ಕಾಣಲೆಂದು ಏಸಿ ಪೆಟ್ಟಿಗೆಗಳನ್ನು ನಾನೇ ಅಳಿಸುತ್ತಿದ್ದೆ. ಬಿಸಿ ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಯಾವ ಮನೆಯ ಬಗ್ಗೆಯೂ ಕೇಳಿಕೊಂಡಿರಲಿಲ್ಲ. ಈಗ ಯಾವ ನಕ್ಷೆ ಬಂದರೂ ಮೊದಲು ಊದಿನಕಡ್ಡಿಯ ಹೊಗೆಯನ್ನು ಮನಸ್ಸಿನಲ್ಲೇ ಅದರೊಳಗೆ ಬಿಟ್ಟು ನೋಡುತ್ತೇನೆ. ಎಲ್ಲಿ ಒಳಗೆ ಬರುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ಸಿಕ್ಕಿಬೀಳುತ್ತದೆ. ಹೇಳಬೇಕಾದವರಿಗೆ ಹೇಳುತ್ತೇನೆ. ಕೆಲವರು ಕೇಳುತ್ತಾರೆ.

2023ರಲ್ಲಿ ಮನೆಯ ಹಿಂದಿನ ಭಾಗ ಮಳೆಗೆ ಕುಸಿಯಿತು. ಅಲ್ಲಿ ಎರಡು ಹೊಸ ಖೋಲಿ ಹಾಕಿಸಬೇಕೆಂದು ಅಪ್ಪ ಹೇಳಿದ. ನಕ್ಷೆ ನಾನೇ ಬರೆದೆ, ಅದೇ ಕಂಪ್ಯೂಟರಿನಲ್ಲಿ. ಗೋಡೆ ದಪ್ಪ ಮಾಡಿದೆ, ಎದುರು ಬದುರು ಕಿಟಕಿ ಇಟ್ಟೆ. ಮಣ್ಣಿನ ಮಾಳಿಗೆ ಹಾಕುವವರು ಈಗ ಸಿಗುವುದಿಲ್ಲ, ಸ್ಲ್ಯಾಬೇ ಆಗಬೇಕು. ಗೌಂಡಿಯೂ ಹಾಗೇ ಹೇಳಿದ್ದ. ಚಿತ್ರ ಮುಗಿದ ಮೇಲೆ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿ ತೋರಿಸಿದೆ. ಅವ್ವ ಬಣ್ಣ ನೋಡಿದಳು, ಅಪ್ಪ ಬಾಗಿಲಿನ ದಿಕ್ಕು ನೋಡಿದ. ಆಯಿ ಕನ್ನಡಕ ಒರೆಸಿಕೊಂಡು ಪರದೆಯ ಹತ್ತಿರ ಬಂದು, ಬೆರಳಿನಿಂದ ಚಿತ್ರದ ಛಾವಣಿಯನ್ನು ಮುಟ್ಟಿದಳು. ಅವಳು ಏನು ಕೇಳುತ್ತಾಳೆಂದು ಅವಳು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು.

ಆ ರಾತ್ರಿ ನಕ್ಷೆ ತಿದ್ದಿದೆ. ಸ್ಲ್ಯಾಬಿನ ನಡುವೆ ಎರಡಡಿ ಚೌಕದ ಕಿಂಡಿ, ಅದರ ಸುತ್ತ ಮೊಳದೆತ್ತರದ ಇಟ್ಟಿಗೆಯ ಕಟ್ಟೆ, ಕಟ್ಟೆಯ ನಾಲ್ಕೂ ಮಗ್ಗುಲಿಗೆ ಗಾಳಿ ಹೋಗುವ ಸಂದು, ಮೇಲೆ ಗಾಜಿನ ಮುಚ್ಚಿಗೆ. ಮಳೆ ಬಂದರೆ ಇನ್ನು ಯಾರೂ ಓಡಬೇಕಿಲ್ಲ. ರೆಂಡರ್ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದಾಗ ಯಂತ್ರ ಸಣ್ಣಗೆ ಗುನುಗುತ್ತಿತ್ತು, ಚಿತ್ರ ಪೂರ್ತಿಯಾಗಿತ್ತು. ಇನ್ನೂ ಕಟ್ಟದ ಆ ಖೋಲಿಯ ನೆಲದ ಮೇಲೆ ಬಿಸಿಲಿನ ಒಂದು ಚೌಕ ಬಿದ್ದಿತ್ತು. ಪರದೆಯಿಂದ ಕಣ್ಣೆತ್ತಿದರೆ, ಅಂಥದ್ದೇ ಇನ್ನೊಂದು ಚೌಕ ಪಡಸಾಲೆಯ ನೆಲದ ಮೇಲೆ, ಆಯಿಯ ಹಾಸಿಗೆಯ ಪಕ್ಕದಲ್ಲಿತ್ತು.